ಹನ್ನೊಂದೂ ಇಪ್ಪತ್ತರ ಕೂಗು

ಐವತ್ತೆರಡನೆಯ ವಯಸ್ಸಿನಲ್ಲಿ ನಾನು ಹಾಡು ಕಲಿಯಬೇಕಾಗಿ ಬಂತು. ಹವ್ಯಾಸಕ್ಕಲ್ಲ, ಔಷಧಕ್ಕೆ. ನಾನು ಈ ಊರಿನ ಶಾಲೆಯ ಪಿ.ಟಿ. ಮಾಸ್ತರ, ಹೆಸರು ಫಕ್ಕೀರಪ್ಪ. ಒಂದು ಕಾಲಕ್ಕೆ ನನ್ನ ಗಂಟಲಿನ ಬಗ್ಗೆ ಊರೆಲ್ಲ ಮಾತಾಡುತ್ತಿತ್ತು. ಈಗಲೂ ಮಾತಾಡುತ್ತದೆ, ಕಾರಣ ಮಾತ್ರ ಬೇರೆ. ಅದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ಹೇಳದೆ ಮುಚ್ಚಿಟ್ಟಾಗ ಇನ್ನೂ ಹೆಚ್ಚು ನಾಚಿಕೆಯಾಗಿತ್ತು, ಆದ್ದರಿಂದ ಹೇಳುತ್ತಿದ್ದೇನೆ.

ನಮ್ಮೂರಲ್ಲಿ ಗಟ್ಟಿಯಾಗಿ ಆಡಿದ ಮಾತು ಮರುದಿನ ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಒಂದು ಸಲ ತಿರುಗಿ ಬರುತ್ತದೆ. ಮೆಲ್ಲಗೆ ಆಡಿದ್ದು ಬರುವುದಿಲ್ಲ. ಸೀಟಿ, ಗಂಟೆ, ನಾಯಿ ಬೊಗಳಿದ್ದು ಯಾವುದೂ ಬರುವುದಿಲ್ಲ, ಮನುಷ್ಯರ ದನಿ ಮಾತ್ರ. ಹೀಗಾಗಿ ನಮ್ಮ ತಾಯಂದಿರು ಮಕ್ಕಳನ್ನು ಪಿಸುಮಾತಿನಲ್ಲೇ ಬೈಯುತ್ತಾರೆ. ತರಕಾರಿ ಮಾರುವವರು ಕೂಗುವುದಿಲ್ಲ, ಗಂಟೆ ಬಾರಿಸುತ್ತಾರೆ, ಯಾಕೆಂದರೆ ನಿನ್ನೆ ಕೂಗಿದ ದರ ಇವತ್ತು ಬಂದರೆ ಹೆಂಗಸರು ಅದಕ್ಕೇ ಕೊಡು ಎಂದು ಪಟ್ಟು ಹಿಡಿಯುತ್ತಾರೆ. ಗಂಡ ಹೆಂಡತಿ ಜಗಳವಾಡಬೇಕೆಂದರೆ ಕೆರೆ ದಂಡೆಗೆ ಹೋಗಿ ಆಡಿ ಬರುತ್ತಾರೆ, ಮರುದಿನ ಅಲ್ಲಿ ಎಮ್ಮೆ ಮೇಯಿಸುವವರು ತಲೆ ತಗ್ಗಿಸಿಕೊಂಡು ಆಚೆ ಹೋಗುತ್ತಾರೆ. ಮದುವೆಯಲ್ಲಿ ಗಂಡು ಹೆಣ್ಣು ಇಬ್ಬರೂ 'ಒಪ್ಪಿಗೆ' ಎಂದು ಕೂಗಬೇಕು. ಅದು ಮರುದಿನ ತಿರುಗಿ ಬಂದ ಮೇಲೆಯೇ ಹೋಳಿಗೆ ಊಟ. 'ತಿರುಗಿ ಬಂದದ್ದ ಮಾತು, ಉಳಿದದ್ದು ಗಾಳಿ' ಎನ್ನುವುದು ನಮ್ಮ ಹಿರಿಯರ ಗಾದೆ.

ಸಿಟ್ಟಿನಲ್ಲಿ ಬಾಯಿ ಜಾರುವುದು ಎಲ್ಲಿಯೂ ಇದ್ದದ್ದೇ. ಅದಕ್ಕೆ ನಮ್ಮಲ್ಲಿ ಅಡ್ಡಕೂಗು ಎಂಬ ಪದ್ಧತಿ ಇದೆ. ತಪ್ಪು ಮಾತು ಕೂಗಿದವನು ಮರುದಿನ ಅದೇ ಹೊತ್ತಿಗೆ ಅಲ್ಲಿಗೇ ಹೋಗಿ, ತನ್ನ ನಿನ್ನೆಯ ದನಿ ಬರುತ್ತಿದ್ದಂತೆ ಅದರ ಮೇಲೆ ಸರಿಯಾದ ಮಾತನ್ನು ಕೂಗಬೇಕು. ಎರಡೂ ಕಲಸಿ ಹೋಗಿ ನಿನ್ನೆಯದು ಯಾರಿಗೂ ಕೇಳುವುದಿಲ್ಲ. ಅದರ ಮರುದಿನ ಸರಿಯಾದದ್ದೊಂದೇ ಬರುತ್ತದೆ. ಅಲ್ಲಿಗೆ ಲೆಕ್ಕ ಚುಕ್ತಾ. ಕುಡುಕರು ಕೂಡ ಮರುದಿನ ತಲೆ ಹಿಡಿದುಕೊಂಡು ಬಂದು ಅಡ್ಡಕೂಗು ಕೂಗಿ ಹೋಗುತ್ತಾರೆ.

ಇಂಥ ಊರಲ್ಲಿ ಪಿ.ಟಿ. ಮಾಸ್ತರನಾಗಿದ್ದ ನಾನು ಬಲು ಸುಖವಾಗಿದ್ದೆ. ಸೋಮವಾರ ಮೈದಾನದ ನಡುವೆ ನಿಂತು 'ಸಾವಧಾನ್, ವಿಶ್ರಾಮ್, ಬಲಕ್ಕೆ ತಿರುಗ್' ಎಂದು ಎದೆ ಬಿಚ್ಚಿ ಕೂಗುತ್ತಿದ್ದೆ. ಮಂಗಳವಾರ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದೆ. ಸೋಮವಾರದ ನನ್ನ ದನಿ ತಾನೇ ಬಂದು ಮಕ್ಕಳಿಂದ ಕವಾಯತು ಮಾಡಿಸಿಕೊಂಡು ಹೋಗುತ್ತಿತ್ತು. ಬುಧವಾರ ಮತ್ತೆ ಕೂಗು, ಗುರುವಾರ ಮತ್ತೆ ಚಹಾ. ಅರ್ಧ ಸಂಬಳ ನನಗೆ, ಅರ್ಧ ನನ್ನ ದನಿಗೆ ಕೊಡಬೇಕು ಎಂದು ಹೆಡ್ ಮಾಸ್ತರು ಚೇಷ್ಟೆ ಮಾಡುತ್ತಿದ್ದರು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಆ ಬುಧವಾರ ಓಟದ ಸ್ಪರ್ಧೆಯ ತಯಾರಿ ನಡೆದಿತ್ತು. ಶಾಲೆಯ ಸ್ಟಾಪ್‌ವಾಚನ್ನು ಅಡುಗೆ ಕೋಣೆಯ ಕಟ್ಟೆಯ ಮೇಲೆ ಇಟ್ಟಿದ್ದೆ, ಅಥವಾ ಇಟ್ಟಿದ್ದೆ ಎಂದುಕೊಂಡಿದ್ದೆ. ನೋಡಿದರೆ ಇಲ್ಲ. ಕಟ್ಟೆಯ ಹತ್ತಿರ ಇದ್ದವಳು ನೀಲವ್ವ ಒಬ್ಬಳೇ. ಹದಿನಾಲ್ಕು ವರ್ಷದಿಂದ ಮಕ್ಕಳಿಗೆ ಬಿಸಿಯೂಟ ಮಾಡಿ ಬಡಿಸುವ ಹೆಂಗಸು, ಅಕ್ಕಿ ಆರಿಸುತ್ತ ಕೂತಿದ್ದಳು. ನಾನು ಹತ್ತಿರ ಹೋಗಿ ಕೇಳಬಹುದಿತ್ತು. ಇಪ್ಪತ್ತು ಹೆಜ್ಜೆ ಅಷ್ಟೇ. ಮೈದಾನದ ನಡುವಿನಿಂದಲೇ ಕೂಗಿದೆ.

"ಏ ನೀಲವ್ವಾ, ಕಳ್ಳಿ! ತೆಗಿ ಹೊರಗ ನನ್ನ ವಾಚು!"

ಮೈದಾನದಲ್ಲಿದ್ದ ಮಕ್ಕಳೆಲ್ಲ ನಿಂತರು. ಯಾರೋ ತಮ್ಮ ಅಭ್ಯಾಸದಂತೆ ಗೋಡೆ ಗಡಿಯಾರದ ಕಡೆ ನೋಡಿದರು. ಹನ್ನೊಂದೂ ಇಪ್ಪತ್ತು. ನೀಲವ್ವ ಮೊರ ಕೆಳಗಿಟ್ಟು ಎದ್ದು ನಿಂತು, ಸೆರಗು ಝಾಡಿಸಿ ತೋರಿಸಿ, "ಸರಿಯಾಗಿ ಹುಡುಕ್ರಿ ಮಾಸ್ತರ. ನಾಳಿ ಸಿಕ್ಕೀತು," ಎಂದಳು. ಮೆಲ್ಲಗೆ ಹೇಳಿದಳು.

ಸಿಕ್ಕಿತು. ನಾಳೆಯಲ್ಲ, ಅದೇ ಸಂಜೆ. ನನ್ನ ಹೆಂಡತಿ ಇಂದುಮತಿ ನನ್ನ ಟ್ರ್ಯಾಕ್ ಪ್ಯಾಂಟು ಒಗೆಯಲು ತೆಗೆದುಕೊಂಡಾಗ ಹರಿದ ಕಿಸೆಯಿಂದ ಒಳಗಿನ ಅಸ್ತರಿಗೆ ಜಾರಿದ್ದ ವಾಚು ಕೈಗೆ ತಾಗಿತು. ತಂದು ನನ್ನ ಮುಂದೆ ಇಟ್ಟಳು. "ನಾಳಿ ಹನ್ನೊಂದರೊಳಗ ಹೋಗಿ ನಿಂದರ್ರಿ. ಅಡ್ಡಕೂಗು ಕೂಗ್ರಿ. ಮುಗೀತು," ಎಂದಳು. ನಾನು ಹೂಂ ಎಂದೆ. ರಾತ್ರಿ ಊಟವೂ ಸರಿಯಾಗಿಯೇ ಮಾಡಿದೆ.

ಬೆಳಗ್ಗೆ ಎದ್ದಾಗ ನೆನಪಾಯಿತು, ಅವತ್ತು ಪಾಲಕರ ಸಭೆ. ನೂರು ಜನರ ಮುಂದೆ ನಿಂತು, ನನ್ನ ಕಿಸೆಯಲ್ಲೇ ಇತ್ತು, ತಪ್ಪಾಯಿತು ಎಂದು ಕೂಗಬೇಕು. ನನ್ನ ಕೈಯಲ್ಲಿ ಆಗಲಿಲ್ಲ. ಜ್ವರ ಎಂದು ರಜೆ ಚೀಟಿ ಕಳಿಸಿ, ಕಂಬಳಿ ಹೊದ್ದು, ಎರಡೂ ಕಿವಿಗೆ ದಿಂಬು ಒತ್ತಿಕೊಂಡು ಮಲಗಿದೆ. ಶಾಲೆ ನಮ್ಮ ಮನೆಯಿಂದ ಒಂದು ಮೈಲು ದೂರ, ಅಲ್ಲಿಯ ದನಿ ಇಲ್ಲಿಗೆ ಕೇಳುವುದಿಲ್ಲ. ಆದರೂ ಒತ್ತಿಕೊಂಡೆ.

ಆಮೇಲೆ ಹೆಡ್ ಮಾಸ್ತರು ಬಂದು ಹೇಳಿದ್ದು ಇಷ್ಟು. ನೀಲವ್ವ ಆ ಹೊತ್ತಿಗೆ ಅಡುಗೆ ಕೋಣೆಯ ಬಾಗಿಲಲ್ಲಿ ಬಂದು ನಿಂತಿದ್ದಳಂತೆ. ಮಾಸ್ತರು ಬರುತ್ತಾರೆ, ಅಡ್ಡ ಕೂಗುತ್ತಾರೆ ಎಂದು ಪಕ್ಕದವರಿಗೆ ಹೇಳುತ್ತಿದ್ದಳಂತೆ. ಗೇಟಿನ ಕಡೆಯೇ ನೋಡುತ್ತಿದ್ದಳಂತೆ. ಹನ್ನೊಂದೂ ಇಪ್ಪತ್ತಕ್ಕೆ ನನ್ನ ದನಿ ಬಂತು, ಎದೆ ಬಿಚ್ಚಿದ ದನಿ, ಸಭೆಯ ನಡುವೆ. ಅಡ್ಡ ಯಾವುದೂ ಬರಲಿಲ್ಲ. ಅಡ್ಡ ಬರದ ಮಾತು ನಮ್ಮೂರಲ್ಲಿ ನಿಜವೇ. 'ಕಳ್ಳಿ ಮಾಡಿದ್ದನ್ನ ನಮ್ಮ ಹುಡುಗರು ಉಣ್ಣೂದಿಲ್ಲ' ಎಂದು ಪಾಲಕರು ಎದ್ದರು. ನೀಲವ್ವ ಸೌಟು ತೊಳೆದಿಟ್ಟು ಮನೆಗೆ ಹೋದಳು.

ನಾನು ಹೆಡ್ ಮಾಸ್ತರಿಗೆ ಆಗಲಾದರೂ ಹೇಳಬಹುದಿತ್ತು. ವಾಚು ಟ್ರಂಕಿನ ತಳದಲ್ಲಿತ್ತು. ಹೇಳಲಿಲ್ಲ. ಇಂದುಮತಿ ಅವರಿಗೆ ಚಹಾ ಕೊಟ್ಟು ನನ್ನ ಮುಖ ನೋಡಿದಳು, ನಾನು ಕೆಮ್ಮಿದೆ.

ಮರುದಿನ ಮೈದಾನದಲ್ಲಿ ನಿಂತು 'ಸಾವಧಾನ್' ಎಂದರೆ, ಎಣ್ಣೆ ಕಾಣದ ಬಾಗಿಲು ತೆರೆದ ಹಾಗೆ ಕಿರ್ ಎಂದಿತು. ಮಕ್ಕಳು ನಕ್ಕರು. ಮತ್ತೆ ಒತ್ತಿದೆ, ಅದೂ ಹೋಯಿತು. ಅಂದಿನಿಂದ ನನ್ನ ದನಿ ಹಗ್ಗ ಬಿಗಿದ ಕರುವಿನ ದನಿ. ಬಿಸಿನೀರು, ಜ್ಯೇಷ್ಠಮಧು, ಮೆಣಸು, ಅರಿಸಿನ ಹಾಲು, ಯಾವುದೂ ನಾಟಲಿಲ್ಲ. ನಾಲ್ಕು ತಿಂಗಳಾದ ಮೇಲೆ ದೊಡ್ಡ ಊರಿನ ಗಂಟಲು ಡಾಕ್ಟರು ಮೂಗಿನಲ್ಲಿ ನಳಿಕೆ ಬಿಟ್ಟು ನೋಡಿ, ಗಂಟಲಿನ ತಂತಿಗಳಿಗೆ ಏನೂ ಆಗಿಲ್ಲ, ಸುತ್ತಲಿನ ಸ್ನಾಯುಗಳು ಗಟ್ಟಿಯಾಗಿ ಹಿಡಿದುಕೊಂಡು ಕೂತಿವೆ ಎಂದರು. ಬಿಡಿಸಲು ಗುಳಿಗೆ ಇಲ್ಲ. ಹಾಡಿಸಿ ಬಿಡಿಸುವವರು ಒಬ್ಬರಿದ್ದಾರೆ, ಫೋನಿನಲ್ಲೇ ಕಲಿಸುತ್ತಾರೆ ಎಂದು ನಂಬರು ಬರೆದುಕೊಟ್ಟರು.

ಅವರ ಹೆಸರು ಸುಮೇಧಾ. ಎಲ್ಲೋ ದೂರದ ನಗರದಲ್ಲಿ ಕೂತು, ನನ್ನಂಥ ಗಂಟಲು ಹಿಡಿದವರಿಗೆ ವಿಡಿಯೋದಲ್ಲಿ ಹಾಡಿನ ಪಾಠ ಹೇಳುವ ಹೆಣ್ಣುಮಗಳು, ವಯಸ್ಸು ಮೂವತ್ತರ ಮೇಲಿರಲಿಕ್ಕಿಲ್ಲ. ಮೊದಲ ದಿನ ಕೇಳಿದರು, "ಸರ್, ದನಿ ಬಿಗಿಯೋಕೆ ಮುಂಚೆ ಏನಾದ್ರೂ ಆಗಿತ್ತಾ? ಮನಸ್ಸಿಗೆ ಬೇಜಾರು, ಗಾಬರಿ, ಹಾಗೆ?"

"ಏನಿಲ್ಲ ಮೇಡಂ, ಸೀಮೆಸುಣ್ಣದ ಧೂಳು," ಎಂದೆ.

"ಪಿ.ಟಿ. ಮೇಷ್ಟ್ರಿಗೆ ಸೀಮೆಸುಣ್ಣ ಎಲ್ಲಿಂದ ಬಂತು ಸರ್?" ಎಂದು ನಕ್ಕರು. ಅಡುಗೆಮನೆಯ ಬಾಗಿಲಲ್ಲಿ ಇಂದುಮತಿ ನಗಲಿಲ್ಲ.

ಪಾಠ ಬೆಳಗ್ಗೆ ಏಳಕ್ಕೆ, ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಬುಧವಾರ. ಮೊದಲ ಎರಡು ವಾರ ಬಾಯಿ ಮುಚ್ಚಿಕೊಂಡು ಊಂ ಎಂದು ಗುನುಗುವುದು. ಲೋಟದ ನೀರಿಗೆ ಸ್ಟ್ರಾ ಹಾಕಿ ಗುಳುಗುಳು ಊದುತ್ತಾ ದನಿ ತೆಗೆಯುವುದು. ಕತ್ತಿನ ಎರಡೂ ಬದಿ ಬೆರಳಿಂದ ಮೆಲ್ಲಗೆ ನೀವಿಕೊಳ್ಳುವುದು. ಮೂರನೆಯ ವಾರ ತುಟಿ ಸಡಿಲ ಬಿಟ್ಟು ಬ್ರ್ರ್ರ್ ಎನ್ನುತ್ತಾ ದನಿಯನ್ನು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಜಾರಿಸುವುದು. ಅದು ಗಟ್ಟಿಯಾಗಿಯೇ ಬಂತು, ಮರುದಿನ ತಿರುಗಿಯೂ ಬಂತು. ಎರಡೂ ಕಲಸಬಾರದೆಂದು ಮಂಗಳವಾರ ಪಡಸಾಲೆಯಲ್ಲಿ, ಬುಧವಾರ ಹಿತ್ತಲಲ್ಲಿ ಕೂರುತ್ತಿದ್ದೆ. ಫೋನಿನೊಳಗಿನ ದನಿ ನಮ್ಮೂರಲ್ಲಿ ತಿರುಗುವುದಿಲ್ಲ, ಆದ್ದರಿಂದ ಓಣಿಯವರಿಗೆ ಕೇಳಿದ್ದು ನನ್ನದೊಂದೇ. ಪಕ್ಕದ ಮನೆಯ ಮಲಕಾಜಪ್ಪ ಗೋಡೆಯ ಮೇಲಿಂದ ಇಣುಕಿ, "ಮಾಸ್ತರ, ಎಮ್ಮಿ ತಂದೀರೇನು?" ಎಂದ.

ಆಮೇಲೆ ಶಬ್ದಗಳು ಬಂದವು. ಮಾತಾಡಲು ಹೋದರೆ ಸ್ನಾಯು ಹಿಡಿಯುತ್ತದೆ, ಹಾಡಲು ಹೋದರೆ ಅದಕ್ಕೆ ತಿಳಿಯುವುದಿಲ್ಲ, ಹಾಗಾಗಿ ಹಾಡಿನಲ್ಲೇ ಮಾತನ್ನು ದಾಟಿಸೋಣ ಎಂದರು ಸುಮೇಧಾ ಮೇಡಂ. ನಾಲ್ಕೇ ಸ್ವರದ ಒಂದು ರಾಗ ಕಟ್ಟಿಕೊಟ್ಟರು. ಅದಕ್ಕೆ ತರಕಾರಿ ಹೆಸರು ಹಾಕಿದರು. 'ಬದನೆಕಾಯಿ, ಹೀರೆಕಾಯಿ, ಚವಳಿಕಾಯಿ, ಮೆಣಸಿನಕಾಯಿ.' ಆಶ್ಚರ್ಯವೆಂದರೆ, ಹಾಡುವಾಗ ಕಿರ್ ಎನ್ನುತ್ತಿರಲಿಲ್ಲ. ಹಳೆಯ ದನಿಯ ನೆರಳಾದರೂ ಕಾಣುತ್ತಿತ್ತು. ಮಾತಿಗೆ ಬಂದ ಕೂಡಲೇ ಮತ್ತೆ ಹಗ್ಗ ಬಿಗಿಯುತ್ತಿತ್ತು.

ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಒಂದು ಬುಧವಾರ ನನಗೆ ಹಾಡುವ ಮನಸ್ಸಾಗಲಿಲ್ಲ. ಮಂಗಳವಾರ ಏಳು ಗಂಟೆಗೆ ಅದೇ ಪಡಸಾಲೆಯಲ್ಲಿ ಕೂತು ಹಾಡಿದ್ದೆನಲ್ಲ, ಅದು ಹೇಗೂ ಬರುತ್ತದೆ. ಹಿತ್ತಲಿಗೆ ಹೋಗದೆ ಅಲ್ಲೇ ಫೋನು ಗೋಡೆಗೆ ಒರಗಿಸಿ, ಕೈ ಕಟ್ಟಿ ಕೂತೆ. ನನ್ನ ನಿನ್ನೆಯ ದನಿ ಬಂದು ಬದನೆಕಾಯಿ ಹೀರೆಕಾಯಿ ಎಂದು ಹಾಡತೊಡಗಿತು. ಮೇಡಂ ಕಣ್ಣು ಮುಚ್ಚಿ ಕೇಳುತ್ತಿದ್ದರು. ಚವಳಿಕಾಯಿಗೆ ಬಂದಾಗ ಕಣ್ಣು ತೆರೆದರು.

"ಸರ್, ನಿಮ್ಮ ತುಟಿ ಅಲ್ಲಾಡ್ತಿಲ್ಲ."

ನಾನು ತಡವಾಗಿ ತುಟಿ ಅಲ್ಲಾಡಿಸಿದೆ. ಅಷ್ಟರಲ್ಲಿ ಹಾಡು ಮುಗಿದಿತ್ತು, ನಾನು ಬರಿದೇ ಬಾಯಿ ತೆರೆದುಕೊಂಡು ಕೂತಿದ್ದೆ. ಮಗಳ ವಯಸ್ಸಿನ ಹುಡುಗಿಯ ಮುಂದೆ ಕಾಪಿ ಹೊಡೆದು ಸಿಕ್ಕಿಬಿದ್ದ ಹಾಗಾಯಿತು. ತೊದಲುತ್ತ, ನಮ್ಮೂರಿನ ರೀತಿ ಹೀಗೆ ಎಂದು ಹೇಳಿದೆ. ನಂಬುವುದಿಲ್ಲ ಎಂದುಕೊಂಡಿದ್ದೆ. ಅವರು ಕಿವಿಯಿಂದಲೇ ಬದುಕುವವರು, ತಾವು ಕೇಳಿದ್ದನ್ನು ನಂಬಿದರು. "ಹಾಗಾದ್ರೆ ನೀವು ಗಟ್ಟಿಯಾಗಿ ಕೂಗಿದ್ದೆಲ್ಲ ಮರುದಿನ ನಿಮಗೇ ಕೇಳತ್ತೆ. ದನಿ ಹೋಗೋಕೆ ಮುಂಚೆ ಕೊನೇ ಸಲ ಏನು ಕೇಳಿಸ್ಕೊಂಡ್ರಿ ಸರ್?" ಎಂದರು.

ನಾನು ಲೋಟ ಎತ್ತಿ ನೀರು ಕುಡಿದೆ. ಅಡುಗೆಮನೆಯ ಬಾಗಿಲಿನಿಂದ ಇಂದುಮತಿ ಹೇಳಿದಳು, "ಅವರು ಕೇಳಿಲ್ರೀ ಮೇಡಂ. ದಿಂಬು ಒತ್ತಗೊಂಡು ಮಲಗಿದ್ರು."

ಆಮೇಲೆ ಎಲ್ಲವನ್ನೂ ಹೇಳಿದೆ, ಕಿರ್ರೆನ್ನುವ ದನಿಯಲ್ಲೇ. ವಾಚು, ಕಳ್ಳಿ, ಕಂಬಳಿ, ಟ್ರಂಕು. ಮೇಡಂ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಗಂಟಲು ನಾನು ಸಡಿಲ ಮಾಡಿಸ್ತೀನಿ ಸರ್, ಅದು ನನ್ನ ಕೆಲಸ. ಆ ದನಿಯಿಂದ ಏನು ಹೇಳ್ಬೇಕು ಅನ್ನೋದು ನಿಮ್ಮದು," ಎಂದು ಇಷ್ಟೇ ಹೇಳಿ, ಮತ್ತೆ ಬದನೆಕಾಯಿಯಿಂದ ಶುರು ಮಾಡಿಸಿದರು.

ನೀಲವ್ವ ಬಸ್ ನಿಲ್ದಾಣದ ಮುಂದೆ ಚುರುಮುರಿ ಕಲಸಿ ಕೊಡುವ ಗಿರ್ಮಿಟ್ ಗಾಡಿ ಇಟ್ಟುಕೊಂಡಿದ್ದಳು. ಆ ದಾರಿ ತಪ್ಪಿಸಲು ನಾನು ಆರು ತಿಂಗಳು ಊರ ಹಿಂದಿನಿಂದ ಸುತ್ತಿ ಶಾಲೆಗೆ ಹೋಗಿದ್ದೆ. ಆ ಪಾಠದ ಮರುದಿನ ಸಂಜೆ ಹೋಗಿ ನಿಂತೆ. ಆಕೆ ತಲೆ ಎತ್ತದೆ ಈರುಳ್ಳಿ ಹೆಚ್ಚುತ್ತಿದ್ದಳು. ಗಾಡಿಯ ಸುತ್ತ ನಾಲ್ಕು ಗಿರಾಕಿಗಳಿದ್ದರು. ಮೆಲ್ಲಗೆ ಹೇಳಿದೆ, "ನೀಲವ್ವ, ತಪ್ಪಾತು. ನೀ ಕದ್ದಿಲ್ಲ."

"ನಾ ಕದ್ದಿಲ್ಲ ಅನ್ನೂದು ನನಗ ಗೊತ್ತೈತ್ರಿ ಮಾಸ್ತರ," ಎಂದಳು, ಕೈ ನಿಲ್ಲಿಸದೆ. "ನಿಮಗ ಯಾವಾಗ ಗೊತ್ತಾತು, ಅದನ್ನ ಹೇಳ್ರಿ."

ನಿನ್ನೆ ಮೊನ್ನೆ ಸಿಕ್ಕಿತು ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೆ ಅದು ಬಂದೂ ಇತ್ತು.

"ಅವತ್ತ ಸಂಜಿಗೆ," ಎಂದೆ.

ಆಕೆಯ ಕೈ ನಿಂತಿತು. ಆ ಎರಡು ಶಬ್ದ ಮಾತ್ರ ತಡೆಯಿಲ್ಲದೆ, ಹಾಡಿನ ನೆರವೂ ಇಲ್ಲದೆ, ನನ್ನ ಹಳೆಯ ದನಿಯಲ್ಲೇ ಬಂದಿದ್ದವು. ಆಕೆ ಹಾಗೆ ನನ್ನನ್ನು ನೋಡುತ್ತಿದ್ದಾಗ ನಾನು ಒಳಗೊಳಗೆ, ಅರೆ, ದನಿ ಬಂತಲ್ಲ ಎಂದು ಹಿಗ್ಗಿದೆ. ಇದುವರೆಗೆ ಹೇಳಿದ್ದೆಲ್ಲಕ್ಕಿಂತ ಇದನ್ನು ನೆನೆದರೆ ನನಗೆ ಹೆಚ್ಚು ನಾಚಿಕೆ.

"ಬಾಗಲಾಗ ನಿಂತು ಗೇಟು ನೋಡಿದೆ ನಾನು," ಎಂದಳು ನೀಲವ್ವ. "ಬರ್ತೀರಿ ಅಂತ ನಾಕ ಮಂದಿಗೆ ಹೇಳಿದ್ದೆ." ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಈರುಳ್ಳಿಗೋ ಏನೋ ತಿಳಿಯಲಿಲ್ಲ. "ಇಲ್ಲಿ ಪಿಸಿಪಿಸಿ ಬ್ಯಾಡ್ರಿ. ಎಲ್ಲಿ ಅಂದಿದ್ರಿ ಅಲ್ಲೇ ಅನ್ರಿ, ಅದ ಹೊತ್ತಿಗೆ. ಇದನ್ನೂ ಕೂಡ್ಸಿ ಅನ್ರಿ, ಅವತ್ತ ಸಂಜಿಗೆ ಅನ್ನೂದನ್ನ. ತಿರುಗಿ ಬರೂವಾಗ ನಾ ಬಂದು ನಿಂದರ್ತೀನಿ."

ಸೋಮವಾರ ಹನ್ನೊಂದಕ್ಕೆ ಮೈದಾನದ ನಡುವೆ ನಿಂತೆ. ಹೆಡ್ ಮಾಸ್ತರಿಗೆ ಮೊದಲೇ ಎಲ್ಲ ಹೇಳಿ ವಾಚು ಒಪ್ಪಿಸಿದ್ದೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ನನ್ನ ಮುಖ ಮಾತ್ರ ನೋಡದೆ, ಮಕ್ಕಳನ್ನೂ ಮಾಸ್ತರರನ್ನೂ ಹೊರಗೆ ಕರೆಸಿದ್ದರು. ಪಾಲಕರೂ ಕೆಲವರು ಗೇಟಿನ ಹತ್ತಿರ ಬಂದಿದ್ದರು. ಹನ್ನೊಂದೂ ಇಪ್ಪತ್ತಕ್ಕೆ ಉಸಿರೆಳೆದು 'ನೀಲವ್ವ' ಎಂದೆ. ಕಿರ್ ಎಂದಿತು. ಮತ್ತೊಮ್ಮೆ ಎಂದೆ, ಅಷ್ಟೂ ಬರಲಿಲ್ಲ. ಗಾಡಿಯ ಮುಂದೆ ಬಂದ ದನಿ ಈಗ ಎಲ್ಲಿ ಹೋಯಿತೋ. ಮಕ್ಕಳು ಕಿಸಕ್ಕೆಂದರು. ಒಂದೇ ದಾರಿ ಉಳಿದಿತ್ತು. ಕಣ್ಣು ಮುಚ್ಚಿ, ಬದನೆಕಾಯಿ ಹೀರೆಕಾಯಿಯ ರಾಗ ಹಿಡಿದು ಹಾಡಿದೆ.

"ನೀಲವ್ವ ಕದ್ದಿಲ್ಲ, ವಾಚು ನನ್ನ ಕಿಸೇದಾಗಿತ್ತು, ಅವತ್ತ ಸಂಜಿಗೆ ಸಿಕ್ಕಿತ್ತು, ನಾಚಿ ಮನ್ಯಾಗ ಮಲಗಿದ್ದೆ, ತಪ್ಪು ನಂದು, ತಪ್ಪು ನಂದು."

ಮೊದಲ ಸಾಲಿಗೆ ಮಕ್ಕಳು ಬಿದ್ದು ಬಿದ್ದು ನಕ್ಕರು. ಸಂಜಿಗೆ ಸಿಕ್ಕಿತ್ತು ಎನ್ನುವ ಹೊತ್ತಿಗೆ ದೊಡ್ಡವರ ಕಡೆ ಸದ್ದಡಗಿತ್ತು. ಐವತ್ತೆರಡು ವರ್ಷದ, ಮೀಸೆ ಹೊತ್ತ ಗಂಡಸು ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ಕೈ ಕಟ್ಟಿ ಹಾಡುತ್ತಿದ್ದ. ದನಿ ಮಾತ್ರ ಗೇಟಿನಾಚೆಗೂ ಹೋಯಿತು.

ಮಂಗಳವಾರ ನೀಲವ್ವ ಬಂದಳು. ಗಾಡಿ ಮುಚ್ಚಿ, ಒಗೆದ ಸೀರೆ ಉಟ್ಟು ಬಂದು, ಅಡುಗೆ ಕೋಣೆಯ ಬಾಗಿಲಲ್ಲಿ ನಿಂತಳು. ನಾನು ಪಕ್ಕದಲ್ಲಿ ನಿಂತೆ. ಹನ್ನೊಂದೂ ಇಪ್ಪತ್ತಕ್ಕೆ ಹಾಡು ಬಂತು. ಮೊದಲ ಶಬ್ದ ಬರುತ್ತಿದ್ದಂತೆ ಮೈದಾನದಲ್ಲಿದ್ದ ನೂರಾರು ಮಕ್ಕಳು ಅದರೊಂದಿಗೆ ದನಿಗೂಡಿಸಿದರು. ಒಂದೇ ರಾತ್ರಿಯಲ್ಲಿ ಕಲಿತುಕೊಂಡಿದ್ದರು. ರಾಗ ಸುಲಭ, ಮಾತು ಸುಲಭ, ಮಾಸ್ತರ ಮಾನ ಹೋಗುವ ಹಾಡು ಬೇರೆ. ನೀಲವ್ವ ಕೊನೆಯವರೆಗೂ ಕೇಳಿದಳು.

"ಕೇಳಿಸ್ತು," ಎಂದಳು. ಸೆರಗು ಸರಿಪಡಿಸಿಕೊಂಡು, "ಹುಡುಗರು ನಿಮಗಿಂತ ಚಲೋ ಹಾಡ್ತಾರ," ಎಂದು ಹೊರಟಳು.

ಪಾಲಕರು ಗಾಡಿಯವರೆಗೂ ಹೋಗಿ ಕರೆದ ಮೇಲೆ ಹದಿನೈದು ದಿನಕ್ಕೆ ಮತ್ತೆ ಶಾಲೆಗೆ ಬಂದಳು. ನನ್ನ ತಟ್ಟೆಗೂ ಅನ್ನ ಸಾರು ಬಡಿಸುತ್ತಾಳೆ, ಮಾತಾಡುವುದಿಲ್ಲ. ನಾನೂ ಮಾತಾಡಿಸುವುದಿಲ್ಲ, ಅಷ್ಟು ಮುಖ ನನಗಿಲ್ಲ. ಸುಮೇಧಾ ಮೇಡಂ ಪಾಠ ಮುಂದುವರಿಸಿದರು. ಹಾಡಿನಿಂದ ಮಾತಿಗೆ, ಮಾತಿನಿಂದ ಕೂಗಿಗೆ ಮೆಟ್ಟಿಲು ಇಳಿಸುತ್ತ ಇಳಿಸುತ್ತ ಇನ್ನೆರಡು ತಿಂಗಳಲ್ಲಿ ನನ್ನ ದನಿ ಪೂರ್ತಿ ಬಂತು. ಈಗ ವಾರದ ಆರೂ ದಿನ ನಾನೇ ನಿಂತು ಕೂಗುತ್ತೇನೆ.

ಆದರೆ ಒಂದು ಸಲ ಬಂದು ಹೋಗಬೇಕಾಗಿದ್ದ ಹಾಡು ಹೋಗಲಿಲ್ಲ. ಮಂಗಳವಾರ ಮಕ್ಕಳು ಹಾಡಿದ್ದು ಬುಧವಾರ ಬಂತು. ಬುಧವಾರ ಅದರ ಜೊತೆ ಮತ್ತೆ ಹಾಡಿದರು, ಅದು ಗುರುವಾರ ಬಂತು. ಭಾನುವಾರ ಖಾಲಿ ಮೈದಾನದಲ್ಲಿ ಶನಿವಾರದ ಹಾಡು ತನ್ನ ಪಾಡಿಗೆ ಬಂದು ಹೋಗುತ್ತದೆ, ಸೋಮವಾರ ಮಕ್ಕಳೇ ಹೊಸದಾಗಿ ಶುರು ಮಾಡುತ್ತಾರೆ. ಈ ವರ್ಷ ಒಂದನೆಯ ತರಗತಿಗೆ ಸೇರಿದ ಮಕ್ಕಳಿಗೆ ನೀಲವ್ವ ಅಂದರೆ ಗೊತ್ತು, ವಾಚಿನ ಕಥೆ ಗೊತ್ತಿಲ್ಲ, ಹಾಡು ಬಾಯಿಪಾಠ. ಹನ್ನೊಂದೂ ಇಪ್ಪತ್ತಾದರೆ ಕವಾಯತು ಅರ್ಧಕ್ಕೆ ಬಿಟ್ಟು, ನನ್ನ ಮುಖ ನೋಡಿಕೊಂಡೇ, ನಾಚಿ ಮನ್ಯಾಗ ಮಲಗಿದ್ದೆ ಎಂದು ಹಾಡುತ್ತಾರೆ. ನನಗೆ ಪ್ರತಿ ದಿನ ಮೊದಲ ದಿನದಷ್ಟೇ ನಾಚಿಕೆಯಾಗುತ್ತದೆ. 'ಸುಮ್ನಿರ್ರಿ' ಎಂದು ಒಂದು ಸಲ ಗದರಿದರೆ ಎಲ್ಲರೂ ಬಾಯಿ ಮುಚ್ಚುತ್ತಾರೆ, ಅಷ್ಟು ದನಿ ಈಗ ನನಗಿದೆ. ಇನ್ನೂ ಗದರಿಲ್ಲ.